ಚಪ್ಪಲಿ ಅಂಗಡಿಯಲ್ಲಿ ಕೈ ಎತ್ತಿದವರು

ಬೀದಿಯಲ್ಲಿ ಒಬ್ಬ ಮನುಷ್ಯ ಕೈಯಲ್ಲಿ ಚಪ್ಪಲಿ ಹಿಡಿದು ನಿಂತರೆ ನಾಲ್ಕು ಜನ ಸೇರಿ, ‘ಹೋಗ್ಲಿ ಬಿಡಪ್ಪ’ ಎಂದು ಸಮಾಧಾನ ಮಾಡುತ್ತಾರೆ. ಅದೇ ಮನುಷ್ಯ ನಮ್ಮ ಅಂಗಡಿಯೊಳಗೆ ಹಾಗೆ ನಿಂತರೆ ನಾವು ನಗುತ್ತ, ‘ಬರ್ರಿ, ಕುಂದರ್ರಿ, ಎಷ್ಟು ನಂಬರ್ ಕೊಡ್ಲಿರಿ?’ ಎನ್ನಬೇಕು. ಇಂಥ ಜಾಗದಲ್ಲಿ ಇಂಥವು ನಡೆಯದೆ ಇನ್ನೇನು ನಡೆದೀತು? ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತದೆ.

ನಾನು ಹದಿನೆಂಟು ವರ್ಷದಿಂದ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮದುವೆಗೆ ಮುಂಚೆ ಮಡಕಶಿರಾದಲ್ಲಿ, ಆಮೇಲೆ ರಾಯದುರ್ಗದಲ್ಲಿ; ಎರಡೂ ಆಂಧ್ರಕ್ಕೆ ಸೇರಿದ ಗಡಿಯ ಊರುಗಳು. ಎರಡು ಊರಿನ ಕಾಲುಗಳನ್ನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ಚಪ್ಪಲಿ ಕೈಗೆ ಬಂದ ಕೂಡಲೇ ಕೆಲವರಿಗೆ ಏನಾಗುತ್ತದೋ ಕಾಣೆ, ಎದುರಿಗಿರುವುದೂ ಒಂದು ಮನುಷ್ಯಜೀವ ಅನ್ನುವುದೇ ಮರೆತುಹೋಗುತ್ತದೆ. ಈಗ ಹೇಳುವಾಗ ನನಗೂ ನಗು ಬರುತ್ತದೆ. ನಡೆದಾಗ ಮಾತ್ರ ಮೈಯೆಲ್ಲ ಉರಿದಿತ್ತು. ಕೊನೆಯದರಲ್ಲಂತೂ ನಮ್ಮ ಜೊತೆಯ ಅಕ್ಕನ ಕೆಲಸವೇ ಹೋಗುವುದರಲ್ಲಿತ್ತು.

೧. ಒಂಬತ್ತು ಒದೆ

ಮಡಕಶಿರಾದಲ್ಲಿ ಕೆಲಸಕ್ಕೆ ಸೇರಿದ ಹೊಸತು. ನನ್ನ ತವರು ಅಮರಾಪುರದ ಕಡೆ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅಗಳಿ ಕಡೆಯ ರೈತರೊಬ್ಬರು ಬಂದು ಬೆಂಚಿನ ಮೇಲೆ ಕೂತರು. ಬಹಳ ಮರ್ಯಾದಸ್ತರು. ಆದರೆ ಅವರ ಪಾದ ಮಾತ್ರ ಯಾವ ಕಂಪನಿಯ ಅಳತೆಗೂ ಬಗ್ಗುವಂಥದ್ದಲ್ಲ.

ನಾನು ಕೆಳಗೆ ಮಣೆಯ ಮೇಲೆ ಕೂತು ಮೊದಲನೆ ಜೊತೆ ತೊಡಿಸಿದೆ. ಬಿಗಿಯಾಯಿತು. ಅವರು ಕಾಲು ಜಾಡಿಸಿದರು. ಹಿಮ್ಮಡಿ ಬಂದು ನನ್ನ ಮೊಣಕೈಗೆ ಬಡಿಯಿತು.

‘ಅಯ್ಯೋ ತಾಯಿ, ಕಾಲು ತಾಕ್ತಲ್ಲವ್ವ! ತೆಪ್ಪಾತು’ ಎಂದು ಬಗ್ಗಿ ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಎಂಥ ಒಳ್ಳೆಯವರು ಅಂದುಕೊಂಡೆ. ಎರಡನೆ ಜೊತೆಗೆ ಒದೆ ಮುಂಗೈಗೆ ಬಿತ್ತು. ಮತ್ತೆ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು. ಐದನೆಯದು ಎದೆಗೆ, ಏಳನೆಯದು ಗದ್ದಕ್ಕೆ. ಪ್ರತಿ ಸಲವೂ ‘ತೆಪ್ಪಾತು ತಾಯಿ’, ಪ್ರತಿ ಸಲವೂ ನಮಸ್ಕಾರ. ದೇವಿಯ ವಿಗ್ರಹಕ್ಕೂ ಒಂದೇ ಮಧ್ಯಾಹ್ನದಲ್ಲಿ ಅಷ್ಟು ನಮಸ್ಕಾರ ಬಿದ್ದಿರಲಾರದು. ಹತ್ತನೆ ಜೊತೆ ಕೊನೆಗೂ ಕಾಲಿಗೆ ಹಿಡಿಯಿತು.

‘ಆಹಾ, ಸರಿಯಾಗಿ ಐತೆ ಕಣವ್ವ’ ಎಂದು ಎದ್ದು ನಿಂತು ಎರಡು ಹೆಜ್ಜೆ ನಡೆದರು.

‘ಡಬ್ಬಿಗೆ ಹಾಕ್ಕೊಡ್ಲಾ ಯಜಮಾನ್ರೆ?’ ಎಂದೆ.

‘ಇವತ್ತು ಬ್ಯಾಡ ಕಣವ್ವ, ಶನಿವಾರ ಅಲ್ವಾ? ಶನಿವಾರದ ದಿನ ಯಾರಾನಾ ಚಪ್ಲಿ ತಗಂತಾರಾ? ಸುಮ್ನೆ ಅಳತೆ ನೋಡ್ಕಂಡು ಹೋಗಾನ ಅಂತ ಬಂದೆ.’

ಅವರು ಹೋದ ಮೇಲೆ ಗದ್ದ ಸವರಿಕೊಳ್ಳುತ್ತ ಕೂತೆ. ಚಪ್ಪಲಿ ಕೊಳ್ಳುವುದಕ್ಕೆ ಮಾತ್ರ ವಾರ ನೋಡುತ್ತಾರೆ, ಒದೆಯುವುದಕ್ಕೆ ಎಲ್ಲ ವಾರವೂ ಆಗಿಬರುತ್ತದೆ.

೨. ‘ತೋರಿಸಿದೆ ಅಷ್ಟೇ’

ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಇಲ್ಲಿಯ ಅಂಗಡಿಯಲ್ಲಿ ನಾವು ಇಬ್ಬರೇ ಹೆಂಗಸರು. ನಾನು, ಮತ್ತೆ ನನಗಿಂತ ಬಹಳ ಮುಂಚಿನಿಂದ ಇದ್ದ, ಐವತ್ತು ದಾಟಿದ ಅಕ್ಕ. ಕಾಲು ನೋಡಿದರೆ ಸಾಕು, ನಂಬರ್ ಹೇಳುವಷ್ಟು ಅನುಭವ ಆಕೆಗೆ. ದನಿ ಎತ್ತರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಂದು ದಿನ ಒಬ್ಬಾತ ಪಟ್ಟಿ ಕಿತ್ತ ಚಪ್ಪಲಿಯೊಂದನ್ನು ಹಿಡಿದುಕೊಂಡು ಬಂದ. ಅಡಿ ಸವೆದು ಹಪ್ಪಳವಾಗಿತ್ತು. ‘ಇದನ್ನ ಬದಲು ಮಾಡಿಕೊಡ್ರಿ’ ಅಂದ.

‘ಇದು ನಮ್ಮ ಅಂಗಡೀದಲ್ರಿ’ ಎಂದೆ.

ಅಷ್ಟಕ್ಕೇ ಆತನಿಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿಯನ್ನು ನನ್ನ ಮೂಗಿನ ಹತ್ತಿರಕ್ಕೆ ಬೀಸಿ, ‘ಯಾರಿಗ ಸುಳ್ಳು ಹೇಳ್ತಿ? ನೋಡಿಲ್ಲಿ!’ ಎಂದ. ಏಟು ಬಿದ್ದೇಬಿಟ್ಟಿತು ಅಂದುಕೊಂಡು ನಾನು ಹಿಂದಕ್ಕೆ ಸರಿದೆ. ಹಿಂದೆ ಜೋಡಿಸಿಟ್ಟಿದ್ದ ಡಬ್ಬಿಗಳ ಮೇಲೆ ಬಿದ್ದೆ. ಡಬ್ಬಿಗಳೆಲ್ಲ ನನ್ನ ಮೇಲೆ ಬಿದ್ದವು.

ಆತ ಸುತ್ತ ನಿಂತವರನ್ನೆಲ್ಲ ಕೇಳಿದ: ‘ನೋಡ್ರಿ, ನಾನು ಹೊಡದೆನೇನು? ಮುಟ್ಟಿದೆನೇನು? ಬರೇ ತೋರಿಸಿದೆ ಅಷ್ಟೇ!’

ಎಲ್ಲರೂ ‘ಹೌದ್ರಿ, ಮುಟ್ಟಿಲ್ರಿ’ ಎಂದು ತಲೆಯಾಡಿಸಿದರು. ನಮ್ಮ ಸಾವ್ಕಾರ್ರು ಗಲ್ಲಾದಿಂದಲೇ, ‘ಮುಟ್ಟಿಲ್ಲಂದ ಮ್ಯಾಲೆ ಯಾಕ ಬಿದ್ದಿ? ಡಬ್ಬಿ ಎಲ್ಲಾ ಹಾಳು ಮಾಡಿದೆಲ್ಲ!’ ಎಂದು ನನಗೇ ಗದರಿದರು. ಬಿದ್ದವಳು ನಾನು, ತಪ್ಪಿತಸ್ಥಳೂ ನಾನೇ. ಎಂಥ ನ್ಯಾಯ ಇದು!

ಅಕ್ಕ ಮಾತ್ರ ಆತನ ಕೈಯಿಂದ ಚಪ್ಪಲಿ ತೆಗೆದುಕೊಂಡು ತಿರುಗಿಸಿ ಒಳಗಿನ ಮುದ್ರೆ ತೋರಿಸಿದಳು. ‘ಇದು ಬಳ್ಳಾರಿ ಅಂಗಡೀದು. ಇಲ್ಲೇ ಬರದೈತಿ ನೋಡ್ರಿ.’

ಆತ ಸ್ವಲ್ಪವೂ ಅಳುಕದೆ ಹೇಳಿದ: ‘ಅದು ನನಗೂ ಗೊತ್ತೈತ್ರಿ. ಜಗಳ ಮಾಡಾಕ ಅಷ್ಟು ದೂರ ಯಾರು ಹೋಗ್ತಾರ್ರಿ?’

೩. ಹಲ್ಲೆ ಯಾವುದು, ವ್ಯಾಪಾರ ಯಾವುದು

‘ಮುಟ್ಟಿಲ್ಲ’ ಅನ್ನುವ ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೆಲವು ದಿನಗಳಾದ ಮೇಲೆ ನಮ್ಮ ಬಜಾರಿನ ಹತ್ತಿರ ಉಚಿತ ಕಾನೂನು ಅರಿವಿನ ಸಭೆ ನಡೆಯಿತು. ಅಂಗಡಿ, ಗಾರ್ಮೆಂಟು, ಹೋಟೆಲು, ಎಲ್ಲ ಕಡೆ ಕೆಲಸ ಮಾಡುವವರನ್ನೂ ಕರೆದಿದ್ದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಕ್ಕ ಮತ್ತು ನಾನು ಹೋಗಿ ಮುಂದಿನ ಸಾಲಿನಲ್ಲೇ ಕೂತೆವು. ಲಾಯರಮ್ಮ ಒಬ್ಬರು ಮೊದಲು ತೆಲುಗಿನಲ್ಲಿ ಹೇಳಿ, ಆಮೇಲೆ ನಮ್ಮಂಥವರಿಗಾಗಿ ಕನ್ನಡದಲ್ಲೂ ಹೇಳಿದರು.

‘ಹಲ್ಲೆ ಅನ್ನಾಕ ಮೈ ಮುಟ್ಟಬೇಕಂತೇನಿಲ್ರಿ. ಈಗ ಏಟು ಬೀಳ್ತೈತಿ ಅಂತ ಎದುರಿನವರು ಹೆದರ್ತಾರ ಅನ್ನೋದು ಗೊತ್ತಿದ್ದೂ ಕೈ ಎತ್ತಿದ್ರ, ಕೋಲು ಎತ್ತಿದ್ರ, ಅದೇ ಹಲ್ಲೆ. ಮುಟ್ಟಿ ಗಾಯ ಮಾಡಿದ್ರ ಅದು ಇನ್ನೊಂದು ಅಪರಾಧ. ಬರೇ ಬಾಯಿಮಾತು ಮಾತ್ರ ಹಲ್ಲೆ ಅಲ್ಲ.’

ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಹಾಗಾದರೆ ಅವತ್ತು ಡಬ್ಬಿಗಳ ಮೇಲೆ ನಾನು ಬಿದ್ದದ್ದು ನನ್ನ ತಪ್ಪಲ್ಲ! ಇಷ್ಟು ವರ್ಷ ಇದನ್ನು ನಮಗೆ ಯಾರೂ ಯಾಕೆ ಹೇಳಲಿಲ್ಲ? ಕೈ ಎತ್ತಿ ಕೇಳಿದೆ: ‘ಮೇಡಂ, ಅಂಗಡಿ ಕೆಲಸದವರಿಗೆ ಅಂತ ಬ್ಯಾರೆ ಕಾನೂನು ಐತೇನ್ರಿ?’

‘ಬ್ಯಾರೆ ಇಲ್ರಿ. ಎಲ್ಲರಿಗೂ ಇರೋದೇ ನಿಮಗೂ.’

‘ಎಲ್ಲರಿಗೂ ಬರೋ ಗಿರಾಕಿ ಬ್ಯಾರೆ, ನಮಗ ಬರೋ ಗಿರಾಕಿ ಬ್ಯಾರೆ ಮೇಡಂ. ನಮ್ಮದು ಚಪ್ಪಲಿ ಅಂಗಡಿ. ಬಂದವರೆಲ್ಲ ಚಪ್ಪಲಿ ಎತ್ತಿಕೊಂಡೇ ಮಾತಾಡ್ತಾರ. ಅದರಾಗ ಯಾವುದು ಹಲ್ಲೆ, ಯಾವುದು ವ್ಯಾಪಾರ?’

ಲಾಯರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ‘ರೇಟು ಕೇಳೋಕ ಮುಂಚೆ ಎತ್ತಿದ್ರ ವ್ಯಾಪಾರ’ ಅಂದರು. ‘ರೇಟು ಕೇಳಿದ ಮ್ಯಾಲೆ ಎತ್ತಿದ್ರ ವಿಚಾರ ಮಾಡಬೇಕಾಗತೈತ್ರಿ.’

೪. ಕೋಲು ಯಾರ ಕೈಯಲ್ಲಿತ್ತು

ಮಾರನೆ ದಿನದಿಂದ ನನಗೆ ಎಲ್ಲೆಲ್ಲೂ ಹಲ್ಲೆಯೇ ಕಾಣತೊಡಗಿತು. ಮಧ್ಯಾಹ್ನದ ಹೊತ್ತಿಗೆ ಭೈರವಾನಿತಿಪ್ಪದ ಕಡೆಯಿಂದ ಕುರಿ ಕಾಯುವ ತಾತ ಒಬ್ಬರು ಬಂದರು. ಕುರಿಗಳನ್ನು ಹೊರಗೆ ಮೊಮ್ಮಗಳಿಗೆ ಒಪ್ಪಿಸಿ, ಉದ್ದನೆ ಕೋಲು ಮಾತ್ರ ಹಿಡಿದುಕೊಂಡು ಒಳಗೆ ಬಂದಿದ್ದರು. ಮೇಲಿನ ಅಟ್ಟದಲ್ಲಿದ್ದ ದಪ್ಪ ಅಟ್ಟೆಯ ಚಪ್ಪಲಿ ಅವರ ಕಣ್ಣಿಗೆ ಬಿತ್ತು.

‘ಅದನ್ನ ತೆಗಿಯವ್ವ’ ಎಂದು ಕೋಲು ಎತ್ತಿ ತೋರಿಸಿದರು. ಕೋಲು ನನ್ನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಯಿತು.

‘ತಾತ, ಕೋಲು ಎತ್ತಿದ್ರ ಹಲ್ಲೆ ಆಗತೈತಿ! ಕಾನೂನು ಹಂಗೈತಿ!’ ಎಂದು ಕೂಗಿದೆ.

ಪಾಪ, ತಾತ ಗಾಬರಿಯಾದರು. ‘ಅಯ್ಯೋ, ನನಗೇನು ಗೊತ್ತವ್ವ! ತಗೋ, ನೀನೇ ಇಟ್ಕೋ’ ಎಂದು ಕೋಲನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಅಕ್ಕ ಅವರಿಗೆ ಚಪ್ಪಲಿ ಹಾಕಿ ನೋಡುವಷ್ಟು ಹೊತ್ತು ನಾನು ಕೋಲು ಹಿಡಿದು ಬಾಗಿಲ ಹತ್ತಿರ ನಿಂತೆ.

ಆಗ ಬಂದ ಗಿರಾಕಿಗಳ ಮರ್ಯಾದೆ ಏನು ಹೇಳಲಿ! ಒಬ್ಬಾಕೆ ಹೊಸ್ತಿಲಲ್ಲೇ ನಿಂತು ಕೈಮುಗಿದು, ‘ಬರಬಹುದೇನ್ರಿ?’ ಎಂದಳು. ಒಬ್ಬಾತ ಹೇಳಿದ ರೇಟಿಗೇ ಸುಮ್ಮನೆ ತೆಗೆದುಕೊಂಡು ಹೋದ. ಒಂದು ಜೋಡಿಗೆ ಎಪ್ಪತ್ತು ಡಬ್ಬಿ ತೆಗೆಸುವ ಟೀಚರಮ್ಮ ಮೊದಲನೆಯದನ್ನೇ ‘ಬಹಳ ಚೆನ್ನಾಗೈತಿ’ ಅಂದರು.

ಅಕ್ಕ ಬಂದು ಕಿವಿಯಲ್ಲಿ ಹೇಳಿದಳು: ‘ಕೋಲು ಕೊಟ್ಟು ಕಳಿಸೇ ಮಾರಾಯ್ತಿ. ಬೆಳಿಗ್ಗಿಂದ ಈ ಅಂಗಡಿಯಾಗ ಹಲ್ಲೆ ಮಾಡಿದಾಕಿ ನೀನೊಬ್ಬಾಕೀನೇ.’

೫. ಸಾವ್ಕಾರ್ರ ಕೈ

ನಮ್ಮ ಸಾವ್ಕಾರ್ರಿಗೆ ಕೈ ಎತ್ತದೆ ಮಾತು ಬರುವುದಿಲ್ಲ. ಹೊಡೆದವರಲ್ಲ, ಆದರೆ ಬೈಯುವಾಗ ಅಂಗೈ ನಮ್ಮ ಕೆನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಸಭೆಯಲ್ಲಿ ಕೇಳಿದ್ದನ್ನು ಒಂದು ದಿನ ಧೈರ್ಯ ಮಾಡಿ ಅವರಿಗೂ ಹೇಳಿದೆ. ‘ಹಿಂಗ ಎತ್ತಿದ್ರೂ ಕೇಸ್ ಆಗತೈತಂತ್ರಿ.’

ಅವರ ಕೈ ಹಾಗೇ ಗಾಳಿಯಲ್ಲಿ ನಿಂತಿತು. ‘ಮತ್ತ ಬರೇ ಬಾಯಿಲೆ ಬೈದ್ರ?’

‘ಬರೇ ಮಾತು ಹಲ್ಲೆ ಅಲ್ಲಂತ್ರಿ’ ಎಂದು ಬಾಯಿತಪ್ಪಿ ನಿಜ ಹೇಳಿಬಿಟ್ಟೆ.

ಅವತ್ತಿನಿಂದ ಸಾವ್ಕಾರ್ರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಾನೂನಿನ ಪ್ರಕಾರ, ಮೊದಲಿನ ಎರಡರಷ್ಟು ಬೈಯುತ್ತಾರೆ.

೬. ಮದುವೆಯ ಶೂ

ಇಷ್ಟರವರೆಗಿನದಕ್ಕೆ ನಗಬಹುದು. ಇದಕ್ಕೆ ನನಗೆ ಬಹಳ ದಿನ ನಗು ಬರಲಿಲ್ಲ.

ಊರಿನ ಖಾಸಗಿ ಶಾಲೆಯೊಂದನ್ನು ನಡೆಸುವ ಕರೆಸ್ಪಾಂಡೆಂಟ್ ನಮ್ಮ ದೊಡ್ಡ ಗಿರಾಕಿ. ಶಾಲೆಯ ಮಕ್ಕಳ ಶೂ ಎಲ್ಲ ನಮ್ಮಲ್ಲೇ ಕೊಳ್ಳುತ್ತಿದ್ದರು. ತಮ್ಮನ ಮದುವೆಗೆಂದು ಒಂದು ಜೊತೆ ಕಪ್ಪು ಶೂ ತೆಗೆದುಕೊಂಡು ಹೋಗಿದ್ದವರು, ಮದುವೆ ಮುಗಿದ ಮೂರನೆ ದಿನ ಡಬ್ಬಿ ಸಮೇತ ವಾಪಸ್ ತಂದರು.

‘ಕಚ್ತಾವ. ಬದಲು ಮಾಡ್ರಿ. ನಾನು ಹಾಕ್ಕೊಂಡೇ ಇಲ್ಲ.’

ಅಕ್ಕ ಶೂ ತೆಗೆದು ಕೌಂಟರಿನ ಮೇಲೆ ಬೋರಲು ಹಾಕಿ ತಟ್ಟಿದಳು. ಒಳಗಿನಿಂದ ಅಕ್ಷತೆ ಉದುರಿತು. ಅಡಿಯಲ್ಲಿ ಅರಿಸಿನದ ಕಲೆ, ತುಳಿದ ಬಾಳೆಹಣ್ಣು. ಸುತ್ತ ನಿಂತವರು ಮುಸಿಮುಸಿ ನಕ್ಕರು.

‘ಹಾಕ್ಕೊಂಡದ್ದು ವಾಪಸ್ ಬರಂಗಿಲ್ರಿ ಸಾರ್’ ಎಂದಳು ಅಕ್ಕ, ಎಂದಿನ ಮೆಲುದನಿಯಲ್ಲೇ.

ಜನ ನಕ್ಕದ್ದನ್ನು ಅವರಿಗೆ ತಡೆಯಲಾಗಲಿಲ್ಲ. ಕೌಂಟರಿನ ಮೇಲಿದ್ದ ಶೂ ಎತ್ತಿ ಎಸೆದರು. ಅದು ಅಕ್ಕನ ಹುಬ್ಬಿನ ಮೇಲೆ ಬಿತ್ತು. ರಕ್ತ ಬಂತು. ನಮ್ಮ ಸಾವ್ಕಾರ್ರು ಗಲ್ಲಾ ಬಿಟ್ಟು ಓಡಿಬಂದರು. ಅಬ್ಬ, ಇವತ್ತಾದರೂ ನಮ್ಮ ಕಡೆ ಮಾತಾಡುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಇಷ್ಟು:

‘ಸಾರ್, ನಿಮ್ಮ ಕೈಗೇನೂ ಆಗ್ಲಿಲ್ಲಲ್ರಿ?’

ಸಾವ್ಕಾರ್ರು ಕರೆಸ್ಪಾಂಡೆಂಟ್ ಸಾರಿಗೆ ಹೊಸ ಜೊತೆ ಕೊಟ್ಟು, ಬಾಗಿಲತನಕ ಹೋಗಿ ಕಳಿಸಿ ಬಂದರು. ಬಂದವರೇ ಅಕ್ಕನಿಗೆ, ‘ಸಂಜಿಕೆ ಅವರ ಮನಿಗೆ ಹೋಗಿ ತಪ್ಪಾತು ಅಂತ ಹೇಳಿ ಬಾ. ಇಲ್ಲಾಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ’ ಎಂದರು. ಕೈ ಬೆನ್ನ ಹಿಂದೆಯೇ ಇತ್ತು.

ಅಕ್ಕನ ಗಂಡ ಮಂಡಿನೋವಿನಿಂದ ಮನೆಯಲ್ಲೇ ಇದ್ದಾರೆ. ಆಕೆಯ ಕೆಲಸದಿಂದಲೇ ಮನೆ ನಡೆಯಬೇಕು. ಅದು ಸಾವ್ಕಾರ್ರಿಗೂ ಗೊತ್ತು. ಅಕ್ಕ ಸೆರಗಿನಿಂದ ಹುಬ್ಬು ಒತ್ತಿಕೊಂಡು ಹೇಳಿದಳು: ‘ಇಷ್ಟು ವರ್ಷ ಊರಿನವರ ಕಾಲೆಲ್ಲ ಹಿಡದೀನ್ರಿ. ಅದು ಕೆಲಸ. ಹೊಡದವರ ಕಾಲು ಹಿಡಿಯೋದು ಕೆಲಸ ಅಲ್ರಿ.’

ನಾನು ಆಕೆಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯ ನೋಡಿ, ‘ಏನು ಬಡೀತಮ್ಮ?’ ಎಂದರು.

ಅಕ್ಕ ನೋವಿನಲ್ಲೂ ಒಂದು ಗಳಿಗೆ ಯೋಚಿಸದೆ ಹೇಳಿದಳು: ‘ಎಂಟನೇ ನಂಬರ್ರಿ. ಕಪ್ಪು, ಲೇಸ್ ಇಲ್ಲದ್ದು. ಕಲರ್ ಗ್ಯಾರಂಟಿ.’

೭. ಡ್ಯೂಟಿಯ ಮೇಲೆ

ಆಸ್ಪತ್ರೆಯಿಂದ ನೇರವಾಗಿ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಹೆಡ್ ಕಾನ್‌ಸ್ಟೆಬಲ್ ಪೂರ್ತಿ ಕೇಳಿಸಿಕೊಂಡು ಆಕಳಿಸಿದರು.

‘ಹೋಗ್ಲಿ ಬಿಡಮ್ಮ. ಚಪ್ಪಲಿ ಅಂಗಡಿಯಾಗ ಚಪ್ಪಲಿ ಬೀಳದ ಹೂವು ಬೀಳ್ತಾವೇನು?’

ನನಗೆ ತಡೆಯಲಾಗಲಿಲ್ಲ. ‘ಸಾರ್, ಅಡುಗೆ ಭಟ್ಟನ ಮ್ಯಾಲೆ ಕುದಿಯೋ ಸಾರು ಸುರುವಿದ್ರೂ ಹಿಂಗೇ ಅಂತೀರೇನ್ರಿ? ಕೈ ಎತ್ತಿದ್ರೇ ಹಲ್ಲೆ ಅಂತ ಕಾನೂನು ಐತಿ. ಇದು ಎತ್ತಿ, ಎಸದು, ರಕ್ತ ಬಂದೈತಿ!’

‘ಓಹೋ, ಲಾಯರಮ್ಮನೂ ಬಂದಾರ’ ಎಂದು ನಕ್ಕು, ಫೋನ್ ಮಾಡಿ ಕರೆಸ್ಪಾಂಡೆಂಟ್ ಸಾರನ್ನೂ ನಮ್ಮ ಸಾವ್ಕಾರ್ರನ್ನೂ ಕರೆಸಿದರು. ‘ಆ ಶೂ ತಗೊಂಡು ಬರ್ರಿ’ ಎಂದೂ ಹೇಳಿದರು.

ಸಾವ್ಕಾರ್ರು ಡಬ್ಬಿ ಹಿಡಿದು ಬಂದರು. ಮುಚ್ಚಳ ತೆಗೆದರೆ ಅಕ್ಷತೆ ಇಲ್ಲ, ಅರಿಸಿನ ಇಲ್ಲ, ರಕ್ತದ ಗುರುತೂ ಇಲ್ಲ. ಮತ್ತೆ ಮಾರುವುದಕ್ಕೆಂದು ಆ ಶೂಗಳನ್ನು ಎಣ್ಣೆ ಹಾಕಿ ಉಜ್ಜಿ ಉಜ್ಜಿ ಮಿರಮಿರ ಮಿಂಚಿಸಿ, ಹೊಸ ಕಾಗದ ಸುತ್ತಿ ಇಟ್ಟಿದ್ದರು! ಅಕ್ಕನ ಹುಬ್ಬಿನ ರಕ್ತ ಒರೆಸಲು ಒಂದು ತುಂಡು ಬಟ್ಟೆ ಕೊಡದ ಮನುಷ್ಯ ಶೂವಿಗೆ ಅಷ್ಟು ಉಪಚಾರ ಮಾಡಿದ್ದರು.

ಕರೆಸ್ಪಾಂಡೆಂಟ್ ಸಾರು ಕುರ್ಚಿ ಎಳೆದುಕೊಂಡು ಕೂತರು. ಗಾಯವಾದ ಅಕ್ಕ ನಿಂತೇ ಇದ್ದಳು. ‘ನಾನು ಎಸದಿಲ್ರಿ’ ಅಂದರು ಕರೆಸ್ಪಾಂಡೆಂಟ್ ಸಾರು. ‘ಹಿಂಗ ಎತ್ತಿ ತೋರಿಸಿದೆ, ಕೈ ಜಾರಿತು. ಅಷ್ಟಕ್ಕ ಇವರು ಇಲ್ಲಿತನಕ ಬಂದಾರ.’

‘ನೋಡಮ್ಮ, ಕೈ ಜಾರೈತಂತ’ ಎಂದು ಹೆಡ್ ಸಾರು ಅಕ್ಕನಿಗೆ ಹೇಳಿ, ಅವರ ಕಡೆ ತಿರುಗಿದರು. ‘ಎಲ್ಲಿ, ಹೆಂಗ ಎತ್ತಿದ್ರಿ, ಒಂದ್ಸಲ ಮಾಡಿ ತೋರಿಸ್ರಿ. ಇಲ್ಲೇ ರಾಜಿ ಮಾಡಿ ಮುಗಿಸೋಣ.’

ಕರೆಸ್ಪಾಂಡೆಂಟ್ ಸಾರು ಎದ್ದು ಡಬ್ಬಿಯಿಂದ ಒಂದು ಶೂ ತೆಗೆದು, ‘ಹಿಂಗ ಸಾರ್’ ಎಂದು ಜೋರಾಗಿಯೇ ಬೀಸಿದರು. ಸಾವ್ಕಾರ್ರು ಹಾಕಿದ ಎಣ್ಣೆ! ಶೂ ಕೈಯಿಂದ ಜಾರಿ ಹಾರಿಹೋಗಿ ಹೆಡ್ ಸಾರಿನ ಹಣೆಗೆ ಪಟ್ಟೆಂದು ಬಡಿದು, ಮೇಜಿನ ಮೇಲಿನ ಟೀ ಲೋಟದ ಮೇಲೆ ಬಿತ್ತು; ಟೀ ಅವರ ಹಣೆತನಕ ಚಿಮ್ಮಿತು.

ಹೆಡ್ ಸಾರು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ‘ಡ್ಯೂಟಿ ಮ್ಯಾಲಿರೋ ಪೊಲೀಸಿಗೆ ಹೊಡೀತಿಯಾ? ಸರ್ಕಾರಿ ನೌಕರನ ಮ್ಯಾಲೆ ಕೈ ಮಾಡಿದ್ರ ಬ್ಯಾರೇನೇ ಸೆಕ್ಷನ್ ಐತಿ, ಗೊತ್ತೇನು? ಬೇಲ್ ಕೂಡ ಸುಲಭಕ್ಕ ಸಿಗಂಗಿಲ್ಲ!’

‘ಕೈ ಜಾರಿತು ಸಾರ್! ದೇವರಾಣೆ, ಕೈ ಜಾರಿತು!’

‘ಜಾರೋದು ಹಿಂಗೇನು? ನನಗೇನು ಕಣ್ಣಿಲ್ಲೇನು?’

ಇದೇ ಮಾತನ್ನು ಎರಡು ನಿಮಿಷದ ಹಿಂದೆ ನಂಬಿ ಅಕ್ಕನಿಗೆ ಬುದ್ಧಿ ಹೇಳಿದವರು ಇವರೇ. ಈಗ ಕಾಗದ ಎಳೆದುಕೊಂಡು, ಒಂದು ಕೈಯಲ್ಲಿ ಹಣೆ ಒತ್ತಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಸರಸರ ಬರೆಯತೊಡಗಿದರು. ಹಣೆಯಲ್ಲಿ ರಕ್ತವೂ ಇರಲಿಲ್ಲ, ಟೀ ಮಾತ್ರ ಇತ್ತು. ನಮ್ಮ ಸಾವ್ಕಾರ್ರು ಗೋಡೆಗೆ ಅಂಟಿ ನಿಂತಿದ್ದರು.

ಅಕ್ಕ ಎರಡು ಹೆಜ್ಜೆ ಮುಂದೆ ಬಂದು, ಎಂದಿನ ಮೆಲುದನಿಯಲ್ಲಿ ಕೇಳಿದಳು: ‘ಸಾರ್, ಅದನ್ನ ಬರದು ಮುಗಿಸಿದ ಮ್ಯಾಲೆ, ಹೆಸರು ಒಂದು ಬದಲು ಮಾಡಿ ನನಗೂ ಅಂಥದ್ದೇ ಒಂದು ಬರಕೊಡ್ರಿ. ನಾನೂ ಡ್ಯೂಟಿ ಮ್ಯಾಲೇ ಇದ್ದೆನ್ರಿ.’

ಹೆಡ್ ಸಾರಿನ ಪೆನ್ನು ನಿಂತಿತು. ಆಕೆಯ ಹುಬ್ಬಿನ ಪಟ್ಟಿ ನೋಡಿದರು. ತಮ್ಮ ಹಣೆ ಸವರಿಕೊಂಡರು. ಆಮೇಲೆ ಬಿದ್ದ ಕುರ್ಚಿಯನ್ನು ತಾವೇ ಎತ್ತಿ ಅಕ್ಕನ ಮುಂದೆ ಇಟ್ಟು, ‘ಕುಂದರಮ್ಮ. ಮೊದಲಿಂದ ಹೇಳು’ ಎಂದರು.

ತಮ್ಮದನ್ನು ಹರಿದು ಹಾಕಿ, ಅಕ್ಕನ ದೂರನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಕರೆಸ್ಪಾಂಡೆಂಟ್ ಸಾರು ಅವರ ಮುಂದೆ ಕೈಮುಗಿದು ನಿಂತರೆ, ‘ನನಗಲ್ಲ, ನನಗಿಂತ ಮೊದಲು ಏಟು ತಿಂದಾಕಿ ಆಕಿ’ ಎಂದು ತೋರಿಸಿದರು. ಅವರು ಅಕ್ಕನಿಗೆ ಕೈಮುಗಿದರು. ಅಕ್ಕ, ‘ತಪ್ಪಾತು ಅಂದಿರಿ, ಆತು. ದೂರು ಮಾತ್ರ ಇರಲಿ’ ಎಂದಳು. ಹೆಡ್ ಸಾರು ಸಾವ್ಕಾರ್ರನ್ನು ಕರೆದು, ‘ನಾಳೆ ಈಕಿ ಕೆಲಸಕ್ಕ ಬರ್ತಾಳೋ ಇಲ್ಲೋ?’ ಎಂದು ಕೇಳಿದರು. ‘ಬರ್ತಾಳ್ರಿ, ಬರ್ಲೇಬೇಕ್ರಿ’ ಎಂದರು ಸಾವ್ಕಾರ್ರು.

ಹೊರಡುವಾಗ ಮಾತ್ರ ಅವರ ವ್ಯಾಪಾರ ಬುದ್ಧಿ ಬಿಡಲಿಲ್ಲ. ಟೀಯಲ್ಲಿ ನೆಂದ ಶೂವನ್ನು ಸಾಕ್ಷಿಗೆಂದು ಚೀಲಕ್ಕೆ ಹಾಕಿ ಕಟ್ಟುತ್ತಿದ್ದ ಹೆಡ್ ಸಾರನ್ನು, ‘ಸಾರ್, ಒಂದನ್ನ ನೀವು ಇಟ್ಕೊಂಡ್ರ ಇನ್ನೊಂದನ್ನ ನಾನೇನು ಮಾಡ್ಲಿ?’ ಎಂದು ಕೇಳಿದರು. ಉತ್ತರ ಹೇಳಿದ್ದು ಅಕ್ಕ: ‘ನನಗ ಕೊಡ್ರಿ.’

ಈಗ ಆ ಒಂಟಿ ಶೂ ನಮ್ಮ ಕೌಂಟರಿನ ಮೇಲಿದೆ. ಯಾರಾದರೂ ಗಿರಾಕಿ ದನಿ ಏರಿಸಿ ಕೈ ಎತ್ತಲು ಹೊರಟರೆ ಅಕ್ಕ ಆ ಶೂ ತೆಗೆದು ನಿಧಾನವಾಗಿ ಒರೆಸುತ್ತ ಕೂರುತ್ತಾಳೆ. ಅವರು ತಡೆಯಲಾರದೆ, ‘ಇದೇನ್ರಿ ಒಂದೇ ಐತಿ? ಇದರ ಜೋಡಿ ಎಲ್ಲೈತಿ?’ ಎಂದು ಕೇಳುತ್ತಾರೆ.

‘ಸ್ಟೇಷನ್ನಿನಾಗ ಐತ್ರಿ’ ಎನ್ನುತ್ತಾಳೆ ಅಕ್ಕ. ‘ನೋಡಬೇಕಂದ್ರ ಕರಕೊಂಡು ಹೋಗ್ತೀನಿ, ಬರ್ರಿ.’